ಆರನೆಯ ಕಳ್ಳ

೯ ಫೆಬ್ರವರಿ ೨೦೦೪, ಸೋಮವಾರ. ಸಂಜೆ

ಮೊಬೈಲ್ ವಿಷಯ ಬಿಟ್ಟು ಉಳಿದದ್ದೆಲ್ಲ ಬರೆಯೋಣ ಎಂದುಕೊಂಡೇ ಪೆನ್ನು ತೆಗೆದೆ. ಯಾರೂ ಓದದ ಡೈರಿಯಲ್ಲೂ ಈ ಬುದ್ಧಿ... ಆದ್ದರಿಂದ ಅದೇ ಮೊದಲು. ಇವತ್ತು ಬೆಳಿಗ್ಗೆ ಇನ್‌ಸ್ಪೆಕ್ಷನ್ ಹಾಲಿಗೆ ಮೊಬೈಲ್ ಒಯ್ದಿದ್ದೆ. ಏಪ್ರನ್ ಜೇಬಿನಲ್ಲಿ. ಒಳಗೆ ಮೊಬೈಲ್ ತರಕೂಡದು ಎಂದು ಬಾಗಿಲಿಗೆ ಅಂಟಿಸಿದ ನೋಟೀಸಿನ ಕೆಳಗಿರುವುದು ನನ್ನದೇ ಸಹಿ. ಮಂದಾಕಿನಿ, ಕ್ವಾಲಿಟಿ ಕಂಟ್ರೋಲ್.

ಇನ್ನು ಕ್ರಮವಾಗಿ.

ಎಂದಿನಂತೆ ಎಂಟಕ್ಕೆಲ್ಲ ನಾಚಾರಂನ ಫ್ಯಾಕ್ಟರಿ. ಹಾಲ್ ಖಾಲಿ. ಹೆಂಗಸರು ಇನ್ನೂ ಬಟ್ಟೆ ಬದಲಿಸುವ ಕೋಣೆಯಲ್ಲಿ. ಅವರು ಬರುವುದರೊಳಗೆ ನನ್ನ ‘ಕಳ್ಳರನ್ನು’ ಟ್ರೇಗಳಲ್ಲಿ ಸೇರಿಸಿ ಮುಗಿಸಬೇಕು. ಎರಡು ವರ್ಷದಿಂದ ದಿನಾ ಮಾಡುವ ಕೆಲಸ.

ಹೆಂಗಸರ ಕೆಲಸ ನೋಡುವುದು. ಇಂಜೆಕ್ಷನ್ ತುಂಬಿ ಮುಚ್ಚಿದ ಪುಟ್ಟ ಗಾಜಿನ ಸೀಸೆ, ಅಂದರೆ ಆಂಪೂಲಿನ ಕುತ್ತಿಗೆ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ, ಮೊದಲು ಕಪ್ಪು ಹಲಗೆಯ ಎದುರು, ಆಮೇಲೆ ಬಿಳಿಯ ಎದುರು. ಕೂದಲೆಳೆ, ಧೂಳು, ಗಾಜಿನ ಚೂರು ಏನೇ ತೇಲಿದರೂ ಪಕ್ಕಕ್ಕೆ. ತೊಂದರೆ ಏನೆಂದರೆ ಕೆಟ್ಟದ್ದು ಸಿಗುವುದು ಬಹಳ ಅಪರೂಪ. ಗಂಟೆಗಟ್ಟಲೆ ಒಳ್ಳೆಯದನ್ನೇ ನೋಡಿ ನೋಡಿ ಕಣ್ಣು ನೋಡುವುದನ್ನೇ ನಿಲ್ಲಿಸುತ್ತದೆ. ತೆರೆದೇ ಇರುತ್ತದೆ, ನೋಡುವುದಿಲ್ಲ. ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಕೊಂಡ ಮನಶ್ಶಾಸ್ತ್ರದ ಪಠ್ಯಪುಸ್ತಕದಲ್ಲಿ ಇದೆಲ್ಲ ಇತ್ತು — ಯುದ್ಧದಲ್ಲಿ ರಡಾರ್ ನೋಡುತ್ತಾ ಕೂತವರ ಗಮನ ಅರ್ಧ ಗಂಟೆಯೊಳಗೇ ಸಡಿಲಾಗುತ್ತಿತ್ತಂತೆ. ಹುಡುಕುವ ವಸ್ತು ಎಷ್ಟು ವಿರಳವೋ ಅಷ್ಟು ಸುಲಭವಾಗಿ ತಪ್ಪಿಹೋಗುತ್ತದಂತೆ. ಅದನ್ನು ಓದಿಯೇ ಎರಡು ನಿಯಮ ತಂದೆ. ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿ ಕಣ್ಣಿಗೆ ವಿರಾಮ. ಮತ್ತು ಈ ಕಳ್ಳರು. ನನಗೆ ಗೊತ್ತಿರುವ ಆರು ಕೆಟ್ಟ ಆಂಪೂಲುಗಳು. ಹತ್ತಿ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿರುತ್ತೇನೆ, ಬೆಳಿಗ್ಗೆ ಟ್ರೇಗಳಲ್ಲಿ ಬೆರೆಸುತ್ತೇನೆ, ಸಂಜೆಯೊಳಗೆ ಅವರು ಹಿಡಿದು ಕೊಡುತ್ತಾರೆ. ಎಲ್ಲಿ ಯಾವುದು ಬರುತ್ತದೋ ಎಂಬ ಹುಷಾರಿನಲ್ಲಿ ಕಣ್ಣು ಎಚ್ಚರವಿರುತ್ತದೆ. ಹೆಸರಿಟ್ಟವಳು ಅಂಬವ್ವ, ಹಾಲಿನ ಹಿರಿಯಳು. “ನಿಮ್ಮ ಕಳ್ಳರಿಗೆ ನಾಚಿಕಿ ಅನ್ನೂದ ಇಲ್ಲ ನೋಡ್ರಿ ಮೇಡಂ. ದಿನಾ ಸಿಗ್ತಾರ, ಮತ್ತ ಮರುದಿನ ಬರ್ತಾರ!”

ಇವತ್ತು ಸಂಜೆ ಐದೇ ಬಂದವು.

ಬಾರದ್ದು ಗಾಜಿನ ಚೂರಿನದು. ಉಗುರಿನ ತುಣುಕಿನಂಥ ಚೂರು. ತಿರುಗಿಸಿದಾಗ ಒಮ್ಮೆ ಮಿಂಚಿ ತಳಕ್ಕೆ ಹೋಗಿಬಿಡುತ್ತದೆ. ಡಬ್ಬಿಯಲ್ಲಿ ಅದರ ಜಾಗ ಖಾಲಿ.

ಬೆಳಿಗ್ಗೆ ಕಳ್ಳರನ್ನು ಸೇರಿಸುತ್ತಿರುವಾಗಲೇ ಫೋನ್ ನಡುಗಿತು. ಬೇಗಂಪೇಟೆಯ ದೊಡ್ಡ ಕಂಪನಿಯವರು. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ, ಯಜಮಾನರಾದ ಗುರುಸಿದ್ದಪ್ಪನವರಿಗಂತೂ ಇಲ್ಲವೇ ಇಲ್ಲ. ಕಿಟಕಿಯ ಹತ್ತಿರ ಹೋಗಿ ಪಿಸುಗುಟ್ಟಿದೆ. ಗುರುವಾರ ಇಂಟರ್‌ವ್ಯೂಗೆ ಬರಬಹುದೇ? ಬರುತ್ತೇನೆ. ತಿರುಗಿ ಬಂದೆ. ಡಬ್ಬಿ ಮುಚ್ಚಿದೆ. ಹೆಂಗಸರು ಒಳಗೆ ಬಂದರು.

ಆರನೆಯದನ್ನು ಟ್ರೇಯಲ್ಲಿ ಇಟ್ಟೆನೇ? ಇಡಬೇಕು ಎಂದುಕೊಂಡದ್ದೇ ಇಟ್ಟಂತೆ ಅನಿಸುತ್ತಿದೆಯೇ? ಬೆರಳ ನಡುವೆ ಹಿಡಿದ ನೆನಪಿದೆ. ಆದರೆ ಅದು ಇವತ್ತಿನದೋ, ಶನಿವಾರದ್ದೋ. ದಿನಾ ಮಾಡುವ ಕೆಲಸದ ದಿನಗಳು ಒಂದರ ಮೇಲೊಂದು ಕೂತುಬಿಡುತ್ತವೆ, ಬಿಡಿಸಲು ಬರುವುದಿಲ್ಲ. ಇಷ್ಟೇ ನಿಜ — ಫೋನ್ ಮುಗಿಸಿ ಬಂದಾಗ ನನ್ನ ಕೈ ಖಾಲಿ ಇತ್ತು.

ಗೊತ್ತಿಲ್ಲ. ಇವತ್ತಿಗೆ ಇಷ್ಟೇ ಬರೆಯಬಲ್ಲೆ.

೧೦ ಫೆಬ್ರವರಿ, ಮಂಗಳವಾರ

ಹುಡುಕಿದ್ದಾಯಿತು. ಏಪ್ರನ್ ಒಗೆಯಲು ಹೋಗಿತ್ತು. ಜೇಬಿನಲ್ಲಿ ಏನೂ ಇರಲಿಲ್ಲ ಎಂದರು. ಒಡೆದ ಗಾಜಿನ ಡ್ರಮ್ಮು ನಿನ್ನೆ ಸಂಜೆಯೇ ಖಾಲಿಯಾಗಿದೆ. ಮೇಜಿನ ಕೆಳಗೆ ಮೊಣಕಾಲೂರಿ ನೋಡಿದೆ. ಅಂಬವ್ವ ನೋಡಿ ನಕ್ಕಳು, ಆಮೇಲೆ ನನ್ನ ಮುಖ ನೋಡಿ ತಾನೂ ಬಗ್ಗಿದಳು.

ಇಟ್ಟಿದ್ದರೆ ಅದು ಮೂರನೆಯ ಮೇಜಿನ ಟ್ರೇಗೆ ಹೋಗಿರುತ್ತದೆ. ಅಲ್ಲಿ ಕೂತವಳು ಗುಣವತಿ. ಬಸವಕಲ್ಯಾಣದ ಕಡೆಯವಳು, ಗಂಡ ಹಬ್ಸಿಗುಡದಲ್ಲಿ ಆಟೋ ಓಡಿಸುತ್ತಾನೆ. ಬಾಯಿಯೂ ಚುರುಕು, ಕಣ್ಣೂ ಚುರುಕು. ಪಕ್ಕಕ್ಕೆ ಕರೆದು ಕೇಳಿದೆ.

“ನನ್ನ ಕೈಯಾಗ ಬಂದಿದ್ರ ಹಿಡೀತಿದ್ದೆ ಮೇಡಂ. ಎರಡು ವರ್ಷದಾಗ ನಿಮ್ಮ ಒಬ್ಬ ಕಳ್ಳನ್ನಾದ್ರೂ ಬಿಟ್ಟೀನೇನ್ರಿ?”

“ಇಲ್ಲ.”

“ಮತ್ತ?”

“ನಿನ್ನೆ ನಡುವೆ ಎದ್ದಿದ್ದಿಲ್ಲ ನೀನು.”

“ನಾ ಯಾಕ ಏಳ್ಲಿ? ಏಳಬ್ಯಾಡ ಅಂದಾವ್ರ ಯಾರು?”

ನಾನೇ. ಆರ್ಡರು ಅವಸರದ್ದು, ಇವತ್ತೊಂದು ದಿನ ಜಾಗ ಬದಲಿಸುವುದು ಬೇಡ ಎಂದು ಒಪ್ಪಿದ್ದು ನಾನೇ. ಊಟದ ತನಕ ಅವಳು ಒಂದೇ ಸಮನೆ ಕೂತಿದ್ದಳು. ನನ್ನ ಎರಡು ನಿಯಮಗಳಲ್ಲಿ ಒಂದನ್ನು ನಾನೇ ಮುರಿದು, ಇನ್ನೊಂದನ್ನು ಅವಳ ಮೇಲೆ ಪರೀಕ್ಷೆಗಿಟ್ಟಂತಾಯಿತು.

ಬ್ಯಾಚನ್ನು ಮತ್ತೆ ನೋಡಿಸಿದೆ. ಆದರೆ ಅರ್ಧಕ್ಕಿಂತ ಹೆಚ್ಚಿಗೆ ಲೇಬಲ್ ಬಿದ್ದಾಗಿದೆ. ಲೇಬಲ್ ಬಿದ್ದ ಮೇಲೆ ಗಾಜಿನಲ್ಲಿ ಒಂದು ಸಣ್ಣ ಕಿಂಡಿಯಷ್ಟೇ ಉಳಿಯುತ್ತದೆ. ಸಿಗಲಿಲ್ಲ. ಇಲ್ಲದ್ದಕ್ಕೆ ಸಿಗಲಿಲ್ಲವೋ, ಕಾಣದ್ದಕ್ಕೋ.

ಇಂಜೆಕ್ಷನ್ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿ ಎಂದು ಕೊಡುವಂಥದ್ದು. ಸರ್ಕಾರಿ ಆರ್ಡರು. ಜಿಲ್ಲಾ ಆಸ್ಪತ್ರೆಯ ಸ್ಟೋರ್ಸಿಗೆ ಹೋಗಬೇಕು.

ಸಂಜೆ ಗುರುಸಿದ್ದಪ್ಪನವರ ರೂಮು. ಬೀದರ್ ಕಡೆಯ ಹಳೆಯ ಮನುಷ್ಯ. ಇಪ್ಪತ್ತು ವರ್ಷ ಯಾರದೋ ಫ್ಯಾಕ್ಟರಿಯಲ್ಲಿ ದುಡಿದು ಇದನ್ನು ಕಟ್ಟಿದವರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ನಾಳೆ ಲಾರಿ ಹೋಗಬೇಕ್ರಿ ಮೇಡಂ. ನೀವು ಸಹಿ ಹಾಕಿದ್ರ ಹೋಗ್ತದ, ಇಲ್ಲಂದ್ರ ಇಲ್ಲ. ನಾ ಒತ್ತಾಯ ಮಾಡಂಗಿಲ್ಲ. ಒಂದೇ ಕೇಳ್ತೀನಿ, ಆ ಸೀಸಿ ಟ್ರೇದಾಗ ಹಾಕೀರೋ ಇಲ್ಲೋ?”

“ಗೊತ್ತಿಲ್ಲ ಸರ್.”

“ನಿಮಗ ಗೊತ್ತಿಲ್ಲಂದ್ರ ಮತ್ತ್ಯಾರಿಗೆ ಗೊತ್ತಿರ್ತದ? ಹಾಕಿದ್ರ, ಗುಣವತಿ ಬಿಟ್ಟಾಳ. ಗಾಜು ಬಿಟ್ಟಾಕೀನ ಇಟ್ಕೊಳ್ಳಾಕ ಬರಂಗಿಲ್ಲ, ನಾಳೆ ಯಾರರೆ ಕೇಳಿದ್ರ ಏನ್ ಹೇಳ್ಲಿ? ಹಾಕಿದ್ದಿಲ್ಲಂದ್ರ ಮುಗದ ಹೋತು. ಯಾರ ತಪ್ಪೂ ಇಲ್ಲ. ಮನಿಗೆ ಹೋಗಿ ಶಾಂತ ಕೂತು ನೆನಪು ಮಾಡ್ಕೋರಿ. ಭಾಳ ಫಿಕರ್ ಮಾಡಬ್ಯಾಡ್ರಿ, ನೆನಪು ಆಗ್ತದ.”

೧೧ ಫೆಬ್ರವರಿ, ಬುಧವಾರ

ನೆನಪಾಯಿತು.

ಬೆಳಿಗ್ಗೆ ಮನೆ ಹತ್ತಿರದ ಲಿಂಗಂಪಲ್ಲಿಯಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕಣ್ಣು ಮುಚ್ಚಿ ಕೂತೆ. ಸೋಮವಾರ ಬೆಳಗನ್ನು ಮತ್ತೆ ಮತ್ತೆ ತಿರುಗಿಸಿದೆ — ಡಬ್ಬಿ, ಟ್ರೇ, ಫೋನಿನ ನಡುಕ. ಫೋನ್ ತೆಗೆಯಲು ಕೈ ಬದಲಿಸಿದೆ. ಕಿಟಕಿ ಪಕ್ಕದ ಸಿಂಕು. ಆಂಪೂಲು ಜಾರಿ ಸಿಂಕಿನ ಅಂಚಿಗೆ ತಗುಲಿತು, ಕುತ್ತಿಗೆ ಮುರಿಯಿತು. ಮಾತಾಡುತ್ತಲೇ ಅದನ್ನು ಎತ್ತಿ ಒಡೆದ ಗಾಜಿನ ಡ್ರಮ್ಮಿಗೆ ಹಾಕಿದೆ. ಅದು ಬಿದ್ದ ಸದ್ದು ಕೂಡ. ಸ್ಪಷ್ಟ.

ಆದ್ದರಿಂದಲೇ ಕೈ ಖಾಲಿ ಇತ್ತು. ಎಲ್ಲ ಹೊಂದುತ್ತದೆ.

ಗುರುಸಿದ್ದಪ್ಪನವರಿಗೆ ಹೇಳಿದೆ. ಮನೆಯಿಂದ ಫೋನ್ ಬಂದಿತ್ತು ಎಂದೆ. “ನಾ ಅಂದಿದ್ದಿಲ್ಲಾ?” ಎಂದು ಚಹಾ ತರಿಸಿದರು. ಸಹಿ ಹಾಕಿದೆ. ಮಧ್ಯಾಹ್ನ ಲಾರಿ ಹೋಯಿತು. ಗುಣವತಿಗೂ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೇಜಿಗೆ ಹೋದಳು.

ಎರಡು ದಿನದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

೧೨ ಫೆಬ್ರವರಿ, ಗುರುವಾರ

ಬೇಗಂಪೇಟೆ. ಏಸಿ ರೂಮು, ಮೂವರು. ಕಳ್ಳರ ಪದ್ಧತಿಯ ಬಗ್ಗೆ ಕೇಳಿದರು. ವಿವರಿಸಿದೆ. ತಲೆದೂಗಿದರು. “ಹಾಕಿದವೆಲ್ಲ ಪ್ರತಿ ಸಲವೂ ವಾಪಸು ಸಿಗುತ್ತವೆಯೇ?” ಎಂದರು ಒಬ್ಬರು. “ಸಿಗುತ್ತವೆ” ಎಂದೆ.

ಸಂಬಳ ಹೆಚ್ಚುಕಡಿಮೆ ಎರಡರಷ್ಟು. ನಾಚಾರಂಗೆ ಎರಡು ಕಡೆ ಬದಲಿಸಿ ಹೋಗುವ ತಾಪತ್ರಯವೂ ಇಲ್ಲ, ನೇರ ರೈಲು. ಮುಂದಿನ ಶುಕ್ರವಾರ, ೨೦ಕ್ಕೆ, ನೇಮಕದ ಆರ್ಡರ್ ತೆಗೆದುಕೊಳ್ಳಲು ಬನ್ನಿ ಎಂದರು.

೧೪ ಫೆಬ್ರವರಿ, ಶನಿವಾರ. ಸಂಜೆ

ಗುಣವತಿ ಊಟದ ಹೊತ್ತಿಗೆ ಡಬ್ಬಿ ತಂದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ. “ತಿನ್ರಿ ಮೇಡಂ, ಇವತ್ತ ಮೆಸ್ಸಿನ ಅನ್ನ ಬ್ಯಾಡ.”

“ಯಾಕ ಇದೆಲ್ಲ?”

“ಯಾಕಂದ್ರ? ಬ್ಯಾರೆಯವ್ರಾಗಿದ್ರ ನನ್ನ ತಲಿಗೆ ಕಟ್ಟಿ ಕೈ ತೊಳಕೋತಿದ್ರು. ನೀವು ಇದ್ದದ್ದ ಇದ್ದಂಗ ಹೇಳಿದ್ರಿ.” ರೊಟ್ಟಿ ಮುರಿದು ಕೈಗೆ ಕೊಟ್ಟಳು. “ನಾನೂ ಹೇಳಬೇಕಂದಿದ್ದೆ ನೋಡ್ರಿ. ಅವತ್ತ ನೀವು ಸಿಂಕಿನ ಕಡೆ ಹೋಗಿದ್ದು ನಾ ನೋಡೀನಿ.”

“ನೋಡೀಯಾ?”

“ಕಣ್ಣಾರೆ. ಕಿವಿಗೆ ಫೋನ್ ಹಿಡದಿದ್ರಿ. ಏನೋ ಕೈ ಜಾಡಿಸಿದ್ರಿ, ಟಣ್ ಅಂತು. ಆವಾಗ ನನಗೇನ್ ಗೊತ್ತು, ಈಗ ನೆಪ್ಪಾತು.”

ಎಷ್ಟು ಹಗುರಾಯಿತೆಂದರೆ ಅವಳ ಕೈ ಹಿಡಿದುಕೊಂಡೆ. ಸಾಕ್ಷಿ ಸಿಕ್ಕಿತು. ಎಲ್ಲೋ ಮೂಲೆಯಲ್ಲಿ ಕೊರೆಯುತ್ತಿದ್ದದ್ದೂ ನಿಂತಿತು. ಅಂಬವ್ವ ದೂರದಿಂದಲೇ “ನನಗೂ ಒಂದ್ ರೊಟ್ಟಿ ಒಗೀರಿ, ನಾನೂ ನೋಡೀನಿ ಅಂತ ಹೇಳ್ತೀನಿ!” ಎಂದಳು. ಎಲ್ಲರೂ ನಕ್ಕೆವು. ನಾನೂ.

ಮನೆಗೆ ಬರುವಾಗ ರೈಲು ಬೇಗಂಪೇಟೆಯಲ್ಲಿ ನಿಂತಿತ್ತು. ನಾನು ಮುಂದೆ ಇಳಿಯಬೇಕಾದ ಸ್ಟೇಷನ್ ಇದೇ ಅಲ್ಲವೇ ಎಂದು ಕಿಟಕಿಯಿಂದ ನೋಡುತ್ತಿದ್ದೆ. ಆಗ ಹೊಳೆಯಿತು.

ಗುಣವತಿ ನೋಡಿರಲು ಸಾಧ್ಯವೇ ಇಲ್ಲ. ಫೋನ್ ಬಂದಾಗ ಹಾಲಿನಲ್ಲಿ ಯಾರೂ ಇರಲಿಲ್ಲ. ಕಳ್ಳರನ್ನು ಸೇರಿಸುವುದು ಅವರು ಒಳಗೆ ಬರುವ ಮೊದಲೇ. ಅವರು ನೋಡಬಾರದು ಎಂಬುದಕ್ಕೇ ಆ ಪದ್ಧತಿ.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಮುಖ ನನಗೆ ಗೊತ್ತು. ಸುಳ್ಳು ಹೇಳುವಾಗ ಅವಳು ಜಗಳ ತೆಗೆಯುತ್ತಾಳೆ. ಇವತ್ತು ಹಾಗಿರಲಿಲ್ಲ. ಬುಧವಾರ ನಾನು ಹೇಳಿದ ಕಥೆ ಅವಳೊಳಗೆ ಹೋಗಿ, ಮೂರು ದಿನದಲ್ಲಿ ಅವಳು ಕಂಡದ್ದಾಗಿ, ರೊಟ್ಟಿಯ ಜೊತೆ ನನಗೇ ವಾಪಸು ಬಂತು. ನಾನು ಅದನ್ನು ಸಾಕ್ಷಿ ಎಂದು ಎದೆಗೆ ಒತ್ತಿಕೊಂಡೆ.

ಅವಳೊಳಗೆ ಹಾಗೆ ಹುಟ್ಟಬಹುದಾದರೆ, ನನ್ನೊಳಗೆ?

೧೫ ಫೆಬ್ರವರಿ, ಭಾನುವಾರ

ಸೋಮವಾರದ ಬರಹ ತೆಗೆದು ಓದಿದೆ. ಸಿಂಕ್ ಇಲ್ಲ. ಸದ್ದು ಇಲ್ಲ. ಮುರಿದ ಕುತ್ತಿಗೆ ಇಲ್ಲ. ‘ಗೊತ್ತಿಲ್ಲ’ ಎಂದಿದೆ. ಅವತ್ತು ಸಂಜೆ, ಇನ್ನೂ ಹಸಿಯಾಗಿದ್ದಾಗ, ಗೊತ್ತಿರದಿದ್ದದ್ದು ಎರಡು ದಿನ ಕಳೆದ ಮೇಲೆ ಹೆಚ್ಚು ಸ್ಪಷ್ಟವಾಯಿತು. ಎರಡು ದಿನ ಕಳೆದರೆ ಮಸುಕಾಗಬೇಕಿತ್ತಲ್ಲ?

ಒಂದು ಪ್ರಯೋಗ ಮಾಡಿದೆ. ಹಿತ್ತಲಲ್ಲಿ ಬಟ್ಟೆ ಒಣಹಾಕಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದೆ. ಈ ಸಲ ಬೇರೆ ಥರ — ಫೋನ್ ನಡುಗುತ್ತದೆ, ಬಲಗೈಯಲ್ಲಿದ್ದದ್ದನ್ನು ಮೂರನೆಯ ಮೇಜಿನ ಟ್ರೇಯ ಮೂಲೆಯಲ್ಲಿ ಸಿಕ್ಕಿಸುತ್ತೇನೆ, ಆಮೇಲೆ ಕಿಟಕಿಗೆ ಹೋಗುತ್ತೇನೆ. ಮೊದಲು ಬರೀ ಯೋಚನೆ. ಮತ್ತೊಮ್ಮೆ ನಡೆಸಿದೆ, ಮಗದೊಮ್ಮೆ. ಟ್ರೇಯ ಅಂಚು ಬೆರಳಿಗೆ ತಣ್ಣಗೆ ತಾಗಿತು. ಪಕ್ಕದ ಆಂಪೂಲು ಸ್ವಲ್ಪ ವಾಲಿ ದಾರಿ ಕೊಟ್ಟಿತು.

ಇದೂ ಅಷ್ಟೇ ಸ್ಪಷ್ಟ.

ಕಣ್ಣು ಬಿಟ್ಟಾಗ ಎರಡು ನೆನಪುಗಳಿದ್ದವು. ಎರಡೂ ಒಟ್ಟಿಗೆ ನಿಜವಾಗಲಾರವು. ಒಂದನ್ನು ಈಗಷ್ಟೇ ಕೂತು ಮಾಡಿದ್ದೇನೆ ಎಂದು ಗೊತ್ತು. ಇನ್ನೊಂದನ್ನು ರೈಲಿನಲ್ಲಿ ಮಾಡಿದೆನೇ, ಅಥವಾ ಅದು ಸಿಕ್ಕಿತೇ? ಮುಟ್ಟಿ ನೋಡಿದರೆ ಎರಡರ ಮೈಯೂ ಒಂದೇ.

ಒಂದು ವ್ಯತ್ಯಾಸ ಇದೆ. ರೈಲಿನದು ಎಲ್ಲರಿಗೂ ಒಳ್ಳೆಯದು. ಗುಣವತಿಗೆ, ಗುರುಸಿದ್ದಪ್ಪನವರಿಗೆ, ನನಗೆ. ಅದಕ್ಕೇ ನಾನು ಅದನ್ನು ಇಷ್ಟು ಬೇಗ ನಂಬಿದೆ ಎಂಬುದನ್ನು ನೋಡದೆ ಇರಲು ಆಗುವುದಿಲ್ಲ.

ಬಸವರಾಜರಿಗೆ ಎಲ್ಲ ಹೇಳಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಫ್ಯಾಕ್ಟರಿ ಮಾತಿಗೆ ಅವರು ಪೇಪರ್ ಮಡಚಿ ಪಕ್ಕಕ್ಕಿಟ್ಟದ್ದು ಇದೇ ಮೊದಲು. ಅವರದೂ ಪ್ಲಾಂಟಿನ ಕೆಲಸ, ಅವರಿಗೂ ತಪಾಸಣೆ ಗೊತ್ತು.

“ಏನಂತ ಹೇಳ್ತೀ ಹೋಗಿ? ಗೊತ್ತಿಲ್ಲ ಅಂತ? ಗೊತ್ತಿಲ್ಲ ಅನ್ನೂದು ಒಂದ್ ಉತ್ತರ ಏನು?”

“ಅದೊಂದೇ ಖರೇ ಉತ್ತರ.”

“ಆ ಹುಡುಗಿ ಗತಿ ಏನು? ನಿನ್ನ ಖರೇತನಕ್ಕ ಆಕೀ ಅನ್ನ ಹೋಗ್ತದ, ಅದನ್ನ ನೋಡೀಯಾ?”

ಒಣಗಿದ ಬಟ್ಟೆ ತಂದು ಮಡಚತೊಡಗಿದೆ.

ಅವರೇ, ಮೆತ್ತಗೆ: “ಹೇಳೂದಾದ್ರ ಶುಕ್ರವಾರ ಬೇಗಂಪೇಟಿ ಆರ್ಡರ್ ಕೈಗೆ ಬರ್ಲಿ. ಆಮ್ಯಾಲ ಹೇಳು. ನಾಕೈದ್ ದಿನದಾಗ ಏನಾಗ್ತದ?”

ಏನಾಗುತ್ತದೆ. ಒಬ್ಬಳಿಗೆ ಹೆರಿಗೆಯಾಗುತ್ತದೆ. ಸಿಸ್ಟರು ಆಂಪೂಲಿನ ಕುತ್ತಿಗೆ ಮುರಿಯುತ್ತಾಳೆ. ಅವಳಿಗೆ ಕಪ್ಪು ಹಲಗೆ ಇಲ್ಲ, ಬಿಳಿ ಹಲಗೆ ಇಲ್ಲ, ಅಷ್ಟು ಹೊತ್ತೂ ಇಲ್ಲ. ಅವಳು ನಮ್ಮನ್ನು ನಂಬಿ ಸಿರಿಂಜಿಗೆ ಎಳೆದುಕೊಳ್ಳುತ್ತಾಳೆ.

೧೬ ಫೆಬ್ರವರಿ, ಸೋಮವಾರ

ಗುರುಸಿದ್ದಪ್ಪನವರಿಗೆ ಹೇಳುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಹೇಳಿದ ಮೇಲೆ ಮಾಡುವ ಧೈರ್ಯ ಉಳಿಯುತ್ತದೋ ಇಲ್ಲವೋ. ಗೇಟಿನ ಹೊರಗಿನ ಎಸ್‌ಟಿಡಿ ಬೂತು. ಸ್ಟೋರ್ಸಿನ ಫಾರ್ಮಸಿಸ್ಟ್ ತೆಲುಗಿನಲ್ಲಿ ಸಿಡುಕಿದರು. ಎರಡು ಪೆಟ್ಟಿಗೆ ಆಗಲೇ ಹೆರಿಗೆ ವಾರ್ಡಿಗೆ ಹೋಗಿವೆಯಂತೆ. “ಏನಮ್ಮಾ, ಕಳಿಸುವ ಮೊದಲು ನೋಡಬಾರದಿತ್ತಾ?” ನೋಡಬೇಕಿತ್ತು ಎಂದೆ. ಲೈನಿನಲ್ಲೇ ಇರಿ ಎಂದು ಯಾರನ್ನೋ ಓಡಿಸಿದರು. ಬೂತಿನ ಮೀಟರು ಟಿಕ್ ಟಿಕ್ ಎನ್ನುತ್ತಿತ್ತು.

ಒಂದು ಪೆಟ್ಟಿಗೆ ಒಡೆದಿದ್ದಾರೆ. ಒಂದಿಷ್ಟು ಬಳಸಿದ್ದಾರೆ. ಇದುವರೆಗೆ ಯಾರಿಗೂ ಏನೂ ಆದದ್ದು ತಿಳಿದಿಲ್ಲ. ಉಳಿದದ್ದನ್ನು ವಾಪಸು ತರಿಸಿ ಬೀಗ ಹಾಕುತ್ತೇನೆ ಎಂದರು. ಹಳೆಯ ಸ್ಟಾಕು ಒಂದು ವಾರಕ್ಕೆ ಸಾಲುತ್ತದೆ. “ಆದರೆ ಬಾಯಿಮಾತಿನ ಮೇಲೆ ಎಷ್ಟು ದಿನ ಇಡಲಿ? ಸಹಿ ಇರುವ ಕಾಗದ ಬೇಕು, ಕಾರಣ ಬರೆದದ್ದು. ಬರುವ ಸೋಮವಾರದೊಳಗೆ ಬರದಿದ್ದರೆ ವಾರ್ಡಿಗೆ ಬಿಡಬೇಕಾಗುತ್ತದೆ. ಇಲ್ಲಿ ಹೆರಿಗೆಗಳು ನಿಮ್ಮ ಕಾಗದಕ್ಕೆ ಕಾಯುವುದಿಲ್ಲ.”

ಸರಿಯಾದ ಮಾತು.

೧೭ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಗುರುಸಿದ್ದಪ್ಪನವರಿಗೆ ಹೇಳಿದೆ. ಫೋನ್ ಮಾಡಿದ್ದು, ಸಿಂಕಿನ ಕಥೆ ನಂಬಲು ಆಗದಿರುವುದು, ಅವತ್ತು ಬಂದದ್ದು ಮನೆಯ ಫೋನ್ ಅಲ್ಲ ಎಂಬುದು. ಬೇಗಂಪೇಟೆಯ ಹೆಸರು ಕೇಳಿ ಒಮ್ಮೆ ಕಣ್ಣೆತ್ತಿ ನೋಡಿದರು. ಅಷ್ಟೇ. ನೊಂದರು ಎಂದು ಕಾಣುತ್ತದೆ.

“ನಾ ನಿಮಗ ಸುಳ್ಳ ಹೇಳ್ರಿ ಅಂದಿದ್ದಿಲ್ಲ.”

“ಇಲ್ಲ ಸರ್. ನೆನಪು ಮಾಡ್ಕೋರಿ ಅಂದ್ರಿ. ನಾ ಮಾಡ್ಕೊಂಡೆ. ಹಂಗಾಗೇ ಇಷ್ಟೆಲ್ಲ ಆತು.”

“ಮೇಡಂ, ಆ ಸೀಸಿ ಅಲ್ಲಿ ಇಲ್ಲದಿದ್ರ? ಇಡೀ ಬ್ಯಾಚ್ ಹೊರಗ ಒಗದು, ನಮ್ಮ ಹೆಸರ ಕಪ್ಪು ಪಟ್ಟಿಗೆ ಹೋಗಿ, ಆಮ್ಯಾಲ ಅದು ಇದ್ದಿದ್ದೇ ಇಲ್ಲಂದ್ರ?”

“ಇರಬಹುದು ಸರ್. ಇಲ್ಲದೇನೂ ಇರಬಹುದು.”

“ಕಾಗದ ಹೋದ ದಿನ ನಿಮ್ಮನ್ನ ಈ ಖುರ್ಚಿ ಮ್ಯಾಲ ಇಟ್ಕೊಳ್ಳಾಕ ನನ್ನ ಕೈಲೆ ಆಗಂಗಿಲ್ಲ.”

“ಗೊತ್ತೈತಿ ಸರ್. ಗುಣವತಿ?”

ಅಂಗೈಯಿಂದ ಮೇಜಿನ ಗಾಜು ಒರೆಸಿದರು. “ಅವತ್ತ ಆಕೀನ ಏಳಬ್ಯಾಡ ಅಂದಾವ್ರು ನೀವ ಅಂತ ಅದರಾಗ ಬರೀತೀರಿ?”

“ಬರೀತೀನಿ.”

“ಹಂಗಂದ್ರ ಆಕೀಗೆ ಹೋಗು ಅನ್ನಾಕ ನನಗ ಬಾಯಿ ಇರಂಗಿಲ್ಲ.”

ಇಷ್ಟಾದರೂ ಸಿಕ್ಕಿತು ಎಂದುಕೊಂಡು ಹಾಲಿಗೆ ಹೋದೆ. ಗುಣವತಿಗೆ ಆಗಲೇ ಸುದ್ದಿ ಮುಟ್ಟಿತ್ತು. ಎದ್ದು ನಿಂತಿದ್ದಳು.

“ನಾ ನೋಡೀನಿ ಅಂದ್ನಲ್ರಿ ಮೇಡಂ! ನೀವು ಸಿಂಕಿನ್ಯಾಗ ಒಡದಿದ್ದು ನಾ ನೋಡೀನಿ. ದೇವರಾಣಿ.”

“ನೀ ಅವಾಗ ಒಳಗ ಇದ್ದಿದ್ದಿಲ್ಲ ಗುಣವತಿ. ಬಟ್ಟಿ ಬದಲಿಸಾಕತ್ತಿದ್ದಿ.”

“ಹಂಗಂದ್ರ ನಾ ಸುಳ್ಳಬುರುಕಿ?”

“ಅಲ್ಲ.”

“ಮತ್ತ ನೀವು ಸುಳ್ಳ ಹೇಳಿದ್ರಿ?”

“ನಾನೂ ಅಲ್ಲ.”

“ಇಬ್ರೂ ಸುಳ್ಳ ಹೇಳಿಲ್ಲ, ಹೇಳಿದ್ದ ಖರೇನೂ ಅಲ್ಲ. ಯಾವ ಸಾಲ್ಯಾಗ ಕಲಿಸ್ತಾರ್ರಿ ಇದನ್ನ?” ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. “ನೀವು ಕಾಪಾಡಿದ್ರಿ ಅಂತ ಊರಿಗೆಲ್ಲ ಹೇಳಿದ್ದೆ.”

ಅಂಬವ್ವ ಅವಳ ಭುಜ ಹಿಡಿದು ಕೂರಿಸಿದಳು. “ಕೂಡು, ಕೂಡು. ಮೂವತ್ತು ವರ್ಷದ ಹಿಂದ ನನ್ನ ಲಗ್ನದಾಗ ಮಳಿ ಬಂದಿತ್ತಂತ ನಾನು ಅಂತೀನಿ, ನಮ್ಮ ಮನಿಯಾವ ಬಂದಿದ್ದಿಲ್ಲಂತಾನ. ಇವತ್ತಿಗೂ ಜಗಳ ಹರದಿಲ್ಲ.” ಯಾರೂ ನಗಲಿಲ್ಲ. ಗುಣವತಿ ಟ್ಯೂಬ್‌ಲೈಟ್ ಹಚ್ಚಿ ಆಂಪೂಲು ಎತ್ತಿಕೊಂಡಳು. ನನ್ನತ್ತ ಮತ್ತೆ ನೋಡಲಿಲ್ಲ.

ಮಧ್ಯಾಹ್ನ ಬೇಗಂಪೇಟೆಯಿಂದ ಫೋನ್. ಹಾಲಿನ ಹೊರಗೆ ನಿಂತು ತೆಗೆದೆ. ಆರ್ಡರ್ ಸಿದ್ಧ, ಶುಕ್ರವಾರ ಬನ್ನಿ, ಒಂದೇ ಒಂದು ಸಣ್ಣ ಘೋಷಣೆಗೆ ಸಹಿ ಬೇಕು — ಈಗಿನ ಕೆಲಸದಲ್ಲಿ ನಿಮ್ಮ ಮೇಲೆ ಗುಣಮಟ್ಟದ ಆಕ್ಷೇಪ ಯಾವುದೂ ಬಾಕಿ ಇಲ್ಲ ಎಂದು. ತಿಳಿಸುತ್ತೇನೆ ಎಂದೆ.

ಶುಕ್ರವಾರ ಬೆಳಿಗ್ಗೆ ಸಹಿ ಹಾಕುವಾಗ ಕಾಗದ ಇನ್ನೂ ನನ್ನ ಚೀಲದಲ್ಲೇ ಇದ್ದರೆ, ಆ ಘೋಷಣೆ ನಿಜವೇ. ಮಧ್ಯಾಹ್ನ ಪೋಸ್ಟ್ ಮಾಡಿದರೂ ಸೋಮವಾರ ತಲುಪೀತು. ತಲುಪದೆಯೂ ಇದ್ದೀತು.

ಈ ಲೆಕ್ಕವನ್ನು ನಾನು ಬಹಳ ಸಲೀಸಾಗಿ ಹಾಕಿದೆ.

೧೮ ಫೆಬ್ರವರಿ, ಬುಧವಾರ. ಶಿವರಾತ್ರಿ

ರಜೆ. ಬಸವರಾಜ ಪೂಜೆಗೆ ಕೂತಿದ್ದಾರೆ. ನಾನು ಊಟದ ಮೇಜಿನ ಮೇಲೆ ಕಾಗದ ಹರವಿಕೊಂಡಿದ್ದೇನೆ.

ಮೊದಲ ಸಲ ಬರೆದದ್ದು ಚೆನ್ನಾಗಿತ್ತು. ತೀರಾ ಚೆನ್ನಾಗಿತ್ತು. ಆಫೀಸಿನ ಇಂಗ್ಲಿಷಿನಲ್ಲಿ ಎಷ್ಟು ಬೇಕಾದರೂ ಅಡಗಿಕೊಳ್ಳಬಹುದು. ಹರಿದೆ. ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಇಲ್ಲಿ ಬರೆದುಕೊಂಡು ಆಮೇಲೆ ಅಲ್ಲಿ ಬರೆದೆ:

ಗಾಜಿನ ಚೂರಿರುವ ಒಂದು ಆಂಪೂಲು ಈ ಬ್ಯಾಚಿನಲ್ಲಿ ಸೇರಿರಬಹುದು. ಪರೀಕ್ಷೆಗೆಂದು ಅದನ್ನು ಟ್ರೇಯಲ್ಲಿ ಇಡುವ ಕೆಲಸ ನನ್ನದು. ಇಟ್ಟೆನೋ ಇಲ್ಲವೋ ನನಗೆ ನೆನಪಿಲ್ಲ. ಆ ಹೊತ್ತಿಗೆ ನನ್ನ ಗಮನ ಒಂದು ಫೋನಿನ ಮೇಲಿತ್ತು. ಆಮೇಲೆ ನೆನಪಿದೆ ಎಂದು ಹೇಳಿ ಬ್ಯಾಚಿಗೆ ಸಹಿ ಹಾಕಿದ್ದೇನೆ. ಆ ನೆನಪನ್ನು ನಂಬಬೇಡಿ. ಅವತ್ತು ಮೂರನೆಯ ಮೇಜಿನವರನ್ನು ವಿರಾಮವಿಲ್ಲದೆ ಕೂರಿಸಿದ್ದು ನಾನು. ಬ್ಯಾಚನ್ನು ಬಳಸಬೇಡಿ.

ಕೆಳಗೆ ಸಹಿ. ಹೆಸರು ಒಂದೇ ಏಟಿಗೆ ಬರೆದೆ. ‘ನೆನಪಿಲ್ಲ’ ಎನ್ನುವ ಸಾಲು ಬರೆಯುವಾಗ ಮಾತ್ರ... ಈಗಲೂ ಸಿಂಕಿನ ಆ ಸದ್ದು ಕೇಳುತ್ತದೆ. ನಿಜವಾದದ್ದೇ ಎನಿಸುತ್ತದೆ. ನಿಜವೇ ಇದ್ದರೆ ಈ ಕಾಗದದಿಂದ ಒಬ್ಬ ಒಳ್ಳೆಯ ಮನುಷ್ಯನ ಫ್ಯಾಕ್ಟರಿಯನ್ನು ಸುಮ್ಮನೆ ಕೆಡವುತ್ತಿದ್ದೇನೆ.

ಬಸವರಾಜ ಪೂಜೆ ಮುಗಿಸಿ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿದರು. ಕಾಗದ ಓದಿದರು. “ಶುಕ್ರವಾರ?” ಎಂದರು.

ಇಲ್ಲ ಎಂದೆ. ಬೇಗಂಪೇಟೆಗೆ ನಾಳೆ ಫೋನ್ ಮಾಡಿ ಹೇಳುತ್ತೇನೆ, ಪೋಸ್ಟ್ ಆಫೀಸಿನ ರಸೀದಿ ಕೈಯಲ್ಲಿ ಹಿಡಿದುಕೊಂಡೇ.

ಲಕೋಟೆ ಅಂಟಿಸಿದ್ದಾಯಿತು. ರಿಜಿಸ್ಟರ್ಡ್. ಪೋಸ್ಟ್ ಆಫೀಸು ಇವತ್ತು ಮುಚ್ಚಿದೆ. ನಾಳೆ, ೧೯ ಫೆಬ್ರವರಿ, ಗುರುವಾರ — ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿರುತ್ತೇನೆ.